ಲಾಗಿನ್ ಎಂಬ ಮರದ ತುಂಡು

ಪಹಣಿ ತೆಗೆಸಲು ಹೋಗಿದ್ದೆ. ಕಂಪ್ಯೂಟರ್ ಮುಂದೆ ಕೂತಿದ್ದ ಹುಡುಗಿ ‘ಲಾಗಿನ್ ಆಗ್ತಾ ಇಲ್ಲ, ಸ್ವಲ್ಪ ಕೂತ್ಕೊಳ್ಳಿ’ ಎಂದಳು. ಬೆಂಚಿನ ಮೇಲಿದ್ದ ಹಿರಿಯರೊಬ್ಬರು ‘ಲಾಗಿನ್ ಅಂದ್ರೆ ಏನವ್ವಾ?’ ಎಂದು ಕೇಳಿದರು. ‘ಒಳಗೆ ಹೋಗೋದು ಅಜ್ಜಾ’ ಎಂದಳು. ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಆ ಪದದ ಅರ್ಧ ಅರ್ಥ ಮಾತ್ರ ಅದು. ಇನ್ನರ್ಧ ಬೇಕಾದರೆ ಹಳೆಯ ಹಾಯಿಹಡಗೊಂದನ್ನು ಹತ್ತಬೇಕು.

‘ಲಾಗ್’ ಎಂದರೆ ಇಂಗ್ಲಿಷಿನಲ್ಲಿ ಮರದ ದಿಮ್ಮಿ. ನಡುಗಡಲಿನಲ್ಲಿ ದಡ ಕಾಣುವುದಿಲ್ಲ. ಹಡಗು ಎಷ್ಟು ವೇಗವಾಗಿ ಸಾಗುತ್ತಿದೆ ಎಂದು ತಿಳಿಯಲು ಒಂದು ಗುರುತೂ ಇಲ್ಲ. ಅದಕ್ಕಾಗಿ ನಾವಿಕರು ಹಗ್ಗ ಕಟ್ಟಿದ ಮರದ ತುಂಡನ್ನು ಹಡಗಿನ ಹಿಂಬದಿಯಿಂದ ನೀರಿಗೆ ಎಸೆಯುತ್ತಿದ್ದರು. ಇಂಗ್ಲೆಂಡಿನ ವಿಲಿಯಂ ಬೋರ್ನ್ 1574ರಲ್ಲಿ ಪ್ರಕಟಿಸಿದ ನೌಕಾಯಾನದ ಪುಸ್ತಕದಲ್ಲಿ ಈ ಉಪಾಯದ ವಿವರಣೆ ಇದೆ. ಮುಂದೆ ದಿಮ್ಮಿಯ ಜಾಗಕ್ಕೆ ಕಾಲುಚಕ್ರದ ಆಕಾರದ ಹಲಗೆ ಬಂತು. ಬಾಗಿದ ಅಂಚಿಗೆ ಸೀಸ ಬಡಿದಿದ್ದರಿಂದ ಅದು ನೀರಿನಲ್ಲಿ ನೆಟ್ಟಗೆ ನಿಲ್ಲುತ್ತಿತ್ತು; ಹಡಗು ಮುಂದೆ ಹೋದಷ್ಟೂ ರಾಟೆಯಿಂದ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಒಬ್ಬ ರಾಟೆಯನ್ನು ಎತ್ತಿ ಹಿಡಿದರೆ ಇನ್ನೊಬ್ಬ ಮರಳು ಗಡಿಯಾರ ತಿರುಗಿಸುವನು, ಮತ್ತೊಬ್ಬನ ಕೈಯೊಳಗಿಂದ ಹಗ್ಗ ಓಡುವುದು. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳು ಇಳಿದು ಮುಗಿಯುವಷ್ಟರಲ್ಲಿ ಎಷ್ಟು ಗಂಟು ಕೈದಾಟಿದವೋ, ಹಡಗಿನ ವೇಗ ಗಂಟೆಗೆ ಅಷ್ಟು ನಾಟಿಕಲ್ ಮೈಲಿ. ಗುಣಾಕಾರ ಭಾಗಾಕಾರದ ಗೋಜೇ ಇಲ್ಲ. ಓದು ಬಾರದ ನಾವಿಕನೂ ಎಣಿಸಿ ಹೇಳಬಹುದಾದ ಈ ಲೆಕ್ಕದ ಜಾಣ್ಮೆಗೆ ನಾನು ಇಂದಿಗೂ ಬೆರಗಾಗುತ್ತೇನೆ. ಹಡಗು, ವಿಮಾನಗಳ ವೇಗವನ್ನು ಈಗಲೂ ‘ನಾಟ್’ ಲೆಕ್ಕದಲ್ಲಿ ಹೇಳುತ್ತಾರಲ್ಲ, ಆ ನಾಟ್ ಎಂದರೆ ಇದೇ ಹಗ್ಗದ ಗಂಟು.

ಎಣಿಸಿದ್ದನ್ನು ಮೊದಲು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿ, ಆಮೇಲೆ ಪುಸ್ತಕಕ್ಕೆ ಇಳಿಸುತ್ತಿದ್ದರು. ಅದೇ ಲಾಗ್ ಬುಕ್. ವೇಗದ ಜೊತೆಗೆ ದಿಕ್ಕು, ಗಾಳಿ, ಹಡಗಿನಲ್ಲಿ ನಡೆದ ಸಂಗತಿಗಳೂ ಅದರಲ್ಲಿ ಸೇರಿದವು. ಮರದ ಅರ್ಥ ಹಿಂದೆ ಸರಿದು ಬರೆದಿಡುವ ಅರ್ಥ ಮುಂದೆ ಬಂತು. ನಮ್ಮ ಸರ್ಕಾರಿ ಜೀಪಿನ ಚಾಲಕರು ಓಡಿಸಿದ ಕಿಲೋಮೀಟರ್ ಬರೆದಿಡುವ ಲಾಗ್ ಬುಕ್ ಈ ವಂಶದ್ದೇ. ಗಣಿತದ ಲಾಗರಿದಮ್‌ಗೆ ಮಾತ್ರ ಇದರ ನಂಟಿಲ್ಲ, ಅದು ಗ್ರೀಕ್ ಪದಗಳಿಂದ ಕಟ್ಟಿದ್ದು.

ಹಡಗಿನ ಈ ಲಾಗ್ ‘ಲಾಗಿನ್’ ಆಗಿ ಕಂಪ್ಯೂಟರಿಗೆ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯನ್ನು ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರ ನವೆಂಬರಿನಲ್ಲಿ ಮಾಡಿ ತೋರಿಸಿದರು. ಯಂತ್ರದ ಸಮಯ ಬಲು ದುಬಾರಿ. ಯಾರು ಎಷ್ಟು ಹೊತ್ತು ಬಳಸಿದರು ಎಂಬ ಲೆಕ್ಕ ಇಡಲೇಬೇಕು. ಹಾಗಾಗಿ ಕೆಲಸಕ್ಕೆ ಕೂತವರು ಲಾಗಿನ್ ಎಂಬ ಆಜ್ಞೆ ಕೊಟ್ಟು, ಗುಪ್ತಪದ ಹೇಳಿ, ತಮ್ಮ ಹೆಸರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಿತ್ತು. ಒಳಗೆ ಹೋಗುವುದು, ಬರೆಸಿಕೊಳ್ಳುವುದು ಎರಡೂ ಆ ಒಂದು ಪದದಲ್ಲಿ ಕೂಡಿದವು.

1969ರ ಅಕ್ಟೋಬರ್ 29ರ ರಾತ್ರಿ ಇದೇ ಪದ ಇನ್ನೊಂದು ಚರಿತ್ರೆಗೂ ಸಾಕ್ಷಿಯಾಯಿತು. ಇಂಟರ್ನೆಟ್ಟಿನ ಪೂರ್ವಜ ಅರ್ಪಾನೆಟ್ ಮೇಲೆ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೋಗಬೇಕಿತ್ತು. ವಿದ್ಯಾರ್ಥಿ ಚಾರ್ಲಿ ಕ್ಲೈನ್ ‘ಲಾಗಿನ್’ ಎಂದು ಟೈಪ್ ಮಾಡತೊಡಗಿದರು. ಎಲ್ ತಲುಪಿತು, ಓ ತಲುಪಿತು. ಜಿ ಒತ್ತುತ್ತಲೇ ಆ ಕಡೆಯ ಕಂಪ್ಯೂಟರ್ ಕುಸಿಯಿತು. ಸುಮಾರು ಒಂದು ಗಂಟೆಯ ನಂತರ ಲಾಗಿನ್ ಆಯಿತು.

ಇದಕ್ಕೆ ಕನ್ನಡದಲ್ಲಿ ‘ಪ್ರವೇಶಿಸಿ’ ಎಂದು ಬರೆಯುವುದುಂಟು. ಅದು ಆ ಹುಡುಗಿ ಹೇಳಿದ ಅರ್ಧಾರ್ಥವೇ; ಗುಡಿಯನ್ನೂ ಪ್ರವೇಶಿಸುತ್ತೇವೆ, ಅಲ್ಲಿ ಯಾರೂ ನಮ್ಮ ಹೆಸರು ಬರೆದುಕೊಳ್ಳುವುದಿಲ್ಲ. ಪೂರ್ತಿ ಅರ್ಥದ ಪದ ನಮ್ಮ ನಾಲಿಗೆಯ ಮೇಲೇ ಇದೆ: ದಾಖಲಾಗು. ಅರಬ್ಬಿಯ ‘ದಾಖಿಲ್’ ಎಂದರೆ ಒಳಗೆ ಬಂದದ್ದು. ಪಾರಸಿಯ ದಾರಿ ಹಿಡಿದು ಆಡಳಿತದ ಮಾತಾಗಿ ಕನ್ನಡಕ್ಕೆ ಬರುವಷ್ಟರಲ್ಲಿ ಅದಕ್ಕೆ ಬರಹದ ಅರ್ಥವೂ ಅಂಟಿತು. ಪ್ರಕರಣ ದಾಖಲಾಯಿತು ಎಂದರೆ ಬರಹಕ್ಕೆ ಬಂತು. ರೋಗಿ ಆಸ್ಪತ್ರೆಗೆ ದಾಖಲಾದರು, ಮಗು ಶಾಲೆಗೆ ದಾಖಲಾಯಿತು ಎಂದರೆ ಒಳಗೂ ಹೋಯಿತು, ಪುಸ್ತಕದಲ್ಲಿ ಹೆಸರೂ ಬಿತ್ತು. ಲಾಗಿನ್‌ಗೆ ಇರುವುದೂ ಇದೇ ಜೋಡಿ ಅರ್ಥ. ಲಾಗೌಟ್‌ಗೆ ‘ಹೊರಬನ್ನಿ’ ಎಂದರೆ ಸಾಕು.

ಲಾಗಿನ್ ಎನ್ನುವವರನ್ನು ತಿದ್ದಬೇಕೆಂದು ನಾನು ಹೇಳುತ್ತಿಲ್ಲ. ಅದು ಈಗ ಕನ್ನಡದ್ದೇ ಪದ. ಆದರೆ ಬ್ಯಾಂಕು, ಕಚೇರಿಗಳ ಕನ್ನಡ ಪುಟ ರೂಪಿಸುವವರು ‘ಪ್ರವೇಶಿಸಿ’ ಇರುವ ಕಡೆ ಒಮ್ಮೆ ‘ದಾಖಲಾಗಿ’ ಎಂದು ಬರೆದು ನೋಡಿ. ಬೆಂಚಿನ ಮೇಲೆ ಕೂತ ಅಜ್ಜನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.