ತತ್ತ್ವಪದವೂ ರಾಕ್ ಸಂಗೀತವೂ: ರಘು ದೀಕ್ಷಿತರ ಎರಡು ಶರೀಫ ಗೀತೆಗಳ ವಿಮರ್ಶೆ

ಶಿಶುನಾಳ ಶರೀಫರ ತತ್ತ್ವಪದಗಳು ಇಂದು ಮೂರು ಬಗೆಯ ಗಾಯನದಲ್ಲಿ ಕೇಳಿಬರುತ್ತಿವೆ. ಮೊದಲನೆಯದು ಹಳ್ಳಿಯ ಭಜನಾಮೇಳ. ಎರಡನೆಯದು ಸುಗಮ ಸಂಗೀತದ ವೇದಿಕೆ. ಮೂರನೆಯದು ವಿದ್ಯುತ್ ಗಿಟಾರು ಮತ್ತು ಡ್ರಮ್ಮುಗಳನ್ನು ಕೂಡಿಕೊಂಡ ರಾಕ್ ಸಂಗೀತ. ಮೊದಲಿನ ಎರಡನ್ನು ವಿಚಾರಕ್ಕೆ ಯೋಗ್ಯವೆಂದು ಒಪ್ಪುವವರೂ ಮೂರನೆಯದನ್ನು ತರುಣರ ವಿನೋದವೆಂದು ಬದಿಗೆ ಸರಿಸುವುದುಂಟು. ಈ ಉಪೇಕ್ಷೆ ಸಾಧುವಾದುದಲ್ಲವೆಂದು ನಮ್ಮ ಅಭಿಪ್ರಾಯ. ಹತ್ತೊಂಬತ್ತನೆಯ ಶತಮಾನದ ಒಂದು ಪದ ಇಪ್ಪತ್ತೊಂದನೆಯ ಶತಮಾನದ ಕಿವಿಗೆ ಯಾವ ಮಾರ್ಗದಿಂದ ತಲಪುತ್ತದೆ, ಆ ಮಾರ್ಗದಲ್ಲಿ ಅದರ ಅರ್ಥಕ್ಕೆ ಏನಾಗುತ್ತದೆ ಎಂಬುದು ಸಾಹಿತ್ಯ ವಿಮರ್ಶೆಗೆ ಸೇರಿದ ಪ್ರಶ್ನೆಯೇ ಆಗಿದೆ.

ರಘು ದೀಕ್ಷಿತರು 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಸ್ನಾತಕೋತ್ತರ ಪದವಿಯನ್ನು ಚಿನ್ನದ ಪದಕದೊಡನೆ ಪಡೆದರು. ಭರತನಾಟ್ಯವನ್ನು ಶಾಸ್ತ್ರೋಕ್ತವಾಗಿ ಅಭ್ಯಾಸ ಮಾಡಿದ್ದ ಇವರು ಗಿಟಾರನ್ನು ಕೈಗೆತ್ತಿಕೊಂಡದ್ದು ಸಹಪಾಠಿಯೊಬ್ಬನೊಡನೆ ಕಟ್ಟಿದ ಪಂಥದಿಂದ. ಮುಂದೆ ಉದ್ಯೋಗದ ನಿಮಿತ್ತ ಬೆಲ್ಜಿಯಮ್ಮಿನಲ್ಲಿದ್ದಾಗ ಅಲ್ಲಿಯ ಬಾನುಲಿಯಲ್ಲಿ ಇವರ ಹಾಡು ಪ್ರಸಾರವಾಯಿತು. ಸಂಗೀತವನ್ನೇ ವೃತ್ತಿಯಾಗಿ ಹಿಡಿಯುವ ನಿರ್ಧಾರಕ್ಕೆ ಅದು ಒತ್ತಾಸೆಯಾಯಿತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ 'ಅಂತರಾಗ್ನಿ' ಎಂಬ ವಾದ್ಯವೃಂದವನ್ನು ಕಟ್ಟಿದರು. ಅದು ಚದುರಿದ ಮೇಲೆ 'ದಿ ರಘು ದೀಕ್ಷಿತ್ ಪ್ರಾಜೆಕ್ಟ್' ರೂಪುಗೊಂಡು, 2008ರಲ್ಲಿ ಮೊದಲ ಧ್ವನಿಸಂಪುಟ ಹೊರಬಂದಿತು. ಅದೇ ವರ್ಷ 'ಸೈಕೋ' ಚಲನಚಿತ್ರಕ್ಕೆ ಇವರು ಕೊಟ್ಟ ಸಂಗೀತ ಕನ್ನಡ ನಾಡಿನ ಮನೆಮನೆಯನ್ನು ಹೊಕ್ಕಿತು. 2011ರಲ್ಲಿ ಇಂಗ್ಲೆಂಡಿನ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ದೊರೆಯಿತು. 2013ರಲ್ಲಿ 'ಜಗ್ ಚಂಗಾ' ಎಂಬ ಎರಡನೆಯ ಸಂಪುಟ ಬಂದಿತು. ಪಂಚೆಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರು ಹಿಡಿದು ಹಾಡುವ ಇವರ ಆಕೃತಿ ಪರದೇಶದ ರಂಗಗಳಲ್ಲಿಯೂ ಪರಿಚಿತವಾಗಿದೆ.

ಆದರೆ ಪ್ರಶಸ್ತಿಗಳ ಪಟ್ಟಿ ವಿಮರ್ಶೆಯಾಗಲಾರದು. ನಾವು ಇಲ್ಲಿ ಎತ್ತಿಕೊಳ್ಳುವುದು 2008ರ ಸಂಪುಟದಲ್ಲಿ ಸೇರಿರುವ ಶರೀಫರ ಎರಡು ಪದಗಳನ್ನು ಮಾತ್ರ: 'ಸೋರುತಿಹುದು ಮನೆಯ ಮಾಳಿಗಿ' ಮತ್ತು 'ಗುಡುಗುಡಿಯ ಸೇದಿ ನೋಡೋ'.

ತತ್ತ್ವಪದಕ್ಕೂ ರಾಕ್‌ಗೂ ಯಾವ ನಂಟು ಎಂದು ಕೇಳುವವರಿದ್ದಾರೆ. ನಂಟು ಉಂಟು. ರಾಕ್ ಸಂಗೀತ 1950ರ ದಶಕದಲ್ಲಿ ಅಮೆರಿಕದಲ್ಲಿ ತಲೆಯೆತ್ತಿದಾಗ, ಅಲ್ಲಿಯ ಕಪ್ಪು ಜನರ ಬ್ಲೂಸ್ ಹಾಡುಗಳೂ ಗ್ರಾಮೀಣ ಗೀತೆಗಳೂ ಅದರ ಬೇರಾಗಿದ್ದುವು. ಜಾನಪದ ಗಾಯಕರೆಂದು ಹೆಸರಾದ ಬಾಬ್ ಡಿಲನ್ನರು 1965ರಲ್ಲಿ ನ್ಯೂಪೋರ್ಟಿನ ಉತ್ಸವದಲ್ಲಿ ವಿದ್ಯುತ್ ಗಿಟಾರನ್ನು ಹಿಡಿದಾಗ ಕೇಳುಗರಲ್ಲಿ ಹಲವರು ಪ್ರತಿಭಟಿಸಿದರು. ಅಂದು ಅಲ್ಲಿ ಎದ್ದ ಆಕ್ಷೇಪವೇ ಇಂದು ಇಲ್ಲಿಯೂ ಎದ್ದಿದೆ. ಇನ್ನೊಂದು ಸಾಮ್ಯವೂ ಗಮನಾರ್ಹ. ಭಜನೆಯಲ್ಲಿ ಮುಮ್ಮೇಳದವನು ನುಡಿಯನ್ನು ಹೇಳಿದರೆ ಪಲ್ಲವಿಯನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ರಾಕ್ ರಂಗದಲ್ಲಿ ನೆರೆದ ಜನವೇ ಹಿಮ್ಮೇಳವಾಗುತ್ತದೆ. ಎರಡೂ ಕಡೆ ಪಲ್ಲವಿ ಸಮೂಹದ ಸ್ವತ್ತು. ಆದುದರಿಂದ ವಾದ್ಯವನ್ನು ಕಂಡೇ ಹಾಡನ್ನು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗಾದರೆ ಒರೆಗಲ್ಲು ಯಾವುದು? ತತ್ತ್ವಪದಗಳನ್ನು ನಿತ್ಯದ ಹಾಡಾಗಿ ಬಳಸುವ ಸೀಮೆಯ ಕಿವಿಯೇ ತಕ್ಕ ಒರೆಗಲ್ಲೆಂದು ನಾವು ಭಾವಿಸುತ್ತೇವೆ. ಹಿಂದೆ ಗಂಗಾವತಿ ತಾಲ್ಲೂಕಿಗೆ ಸೇರಿದ್ದು ಈಗ ಕನಕಗಿರಿ ತಾಲ್ಲೂಕಿನಲ್ಲಿರುವ ನವಲಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಒಂದು ಕಡೆ ತುಂಗಭದ್ರೆಯ ಎಡದಂಡೆಯ ಭತ್ತದ ಬಯಲು. ಇನ್ನೊಂದು ಕಡೆ ಕುಷ್ಟಗಿ, ಯಲಬುರ್ಗಾಗಳ ಮಳೆ ನಂಬಿದ ಎರೆ ಮತ್ತು ಮಸಾರಿ ನೆಲ. ಇಂತಹ ಊರುಗಳಲ್ಲಿ ಏಕತಾರಿ, ದಮ್ಮಡಿ, ತಾಳ, ಹಾರ್ಮೋನಿಯಮ್ಮುಗಳೊಡನೆ ಶರೀಫರ ಪದ ರಾತ್ರಿಯ ಭಜನೆಯಲ್ಲಿ ಬಳಕೆಯಾಗುತ್ತ ಬಂದಿದೆ. ಶರೀಫರ ಶಿಶುನಾಳ ಹಾವೇರಿ ಜಿಲ್ಲೆಗೆ ಸೇರಿದ್ದರೂ ಅವರ ಪದಗಳ ನುಡಿ ಈ ಸೀಮೆಗೆ ಪರಕೀಯವಲ್ಲ.

ಈಗ ಮಾಳಿಗೆಯ ಪದವನ್ನು ನೋಡೋಣ. ಮಣ್ಣಿನ ಮೇಲ್ಮುದ್ದೆಯ ಮಾಳಿಗೆಯ ಕೆಳಗೆ ಬಾಳಿದವನಿಗೆ ಸೋರುವುದೆಂದರೆ ಮೊದಲು ಸೋರುವುದೇ. ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಮಣ್ಣು ಹಾಕದಿದ್ದರೆ ನೀರು ಇಳಿಯುತ್ತದೆ, ತೊಲೆ ಜಂತೆಗಳು ಕೊಳೆಯುತ್ತವೆ, ಕಾಳು ನೆನೆಯುತ್ತದೆ. ಈ ಭಯ ಮೈಯಲ್ಲಿ ಇರುವವನಿಗೆ ಅಜ್ಞಾನದಿಂದ ಶಿಥಿಲವಾಗುವ ದೇಹದ ವಿಚಾರ ಹೊಸದಾಗಿ ಹೇಳಬೇಕಾದ ತತ್ತ್ವವಲ್ಲ. ಅದು ವಸ್ತುವಿನಿಂದಲೇ ಒಸರುತ್ತದೆ. ಕಾಂಕ್ರೀಟಿನ ಮನೆಯಲ್ಲಿ ಬೆಳೆದ ಕೇಳುಗನಿಗೆ ಈ ಮೊದಲ ಮೆಟ್ಟಿಲು ಇಲ್ಲ. ಅವನು ನೇರವಾಗಿ ತತ್ತ್ವಕ್ಕೆ ಹಾರುತ್ತಾನೆ, ಇಲ್ಲವೆ ವಿಷಾದದ ಧ್ವನಿಯೊಂದನ್ನೇ ಕೇಳುತ್ತಾನೆ. ದೀಕ್ಷಿತರ ಗಾಯನದ ಗುಣವೂ ಮಿತಿಯೂ ಇಲ್ಲಿಯೇ ಕಾಣುತ್ತವೆ. ಧ್ವನಿಯಲ್ಲಿ ಅವರು ತುಂಬುವ ಆರ್ತತೆ ನಿಜವಾದದ್ದು. ಅದು ಪದದ ವಿಷಾದವನ್ನು ಭಾಷೆ ತಿಳಿಯದವನಿಗೂ ಮುಟ್ಟಿಸುತ್ತದೆ. ಆದರೆ ಮೇಲೆ ಹತ್ತಿ ಮಣ್ಣು ಹಾಕು ಎಂಬ ಎಚ್ಚರಿಕೆ, ಗೃಹಸ್ಥನಿಗೆ ಗೃಹಸ್ಥನು ಹೇಳುವ ಮಾತಿನ ಬಿಗಿ, ಆ ಆರ್ತತೆಯಲ್ಲಿ ಕರಗಿಹೋಗುತ್ತದೆ.

ಗುಡುಗುಡಿಯ ಪದಕ್ಕೆ ಆಗುವುದು ಇದಕ್ಕೆ ತೀರ ವಿರುದ್ಧವಾದ ಗತಿ. ಅಲ್ಲಿ ಸೇದುವವನ ಸಾಮಗ್ರಿಯ ಒಂದೊಂದು ಅಂಗವೂ ಮನಸ್ಸಿನ ಒಂದೊಂದು ವ್ಯಾಪಾರಕ್ಕೆ ಹೊಂದುತ್ತದೆ. ಚಟದ ಮಾತನ್ನೇ ಹಿಡಿದು ಚಟದಿಂದ ಆಚೆಗೆ ಕರೆದೊಯ್ಯುವುದು ಶರೀಫರ ಚಮತ್ಕಾರ. ನುಡಿಯಿಂದ ನುಡಿಗೆ ಒಗಟು ಬಿಚ್ಚುತ್ತ ಹೋದಂತೆ ಕೇಳುಗನು ಮೊದಲು ನಗುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ. ದೀಕ್ಷಿತರ ರೂಪದಲ್ಲಿ ಲಯ ಚುರುಕು, ಪಲ್ಲವಿ ಕುಣಿಸುವಂತಹುದು. ನಗು ಉಳಿಯುತ್ತದೆ, ಸುಮ್ಮನಾಗಲು ಸಮಯವಿಲ್ಲ. ಮಾಳಿಗೆಯಲ್ಲಿ ವಸ್ತು ಮರೆಯಾಗಿ ಭಾವ ನಿಂತರೆ, ಗುಡುಗುಡಿಯಲ್ಲಿ ಭಾವ ಮರೆಯಾಗಿ ವಸ್ತು ನಿಲ್ಲುತ್ತದೆ. ನೆರೆದ ತರುಣರಲ್ಲಿ ಎಷ್ಟೋ ಮಂದಿಗೆ ಅದು ಸೇದುವುದಕ್ಕೆ ಕೊಟ್ಟ ಆಹ್ವಾನವಾಗಿಯೇ ಉಳಿದರೆ ಆಶ್ಚರ್ಯವಿಲ್ಲ.

ಇಷ್ಟರಿಂದ ದೀಕ್ಷಿತರು ತಪ್ಪುಗಾರರೆಂದು ನಿರ್ಣಯಿಸುವುದು ಅವಸರದ ಮಾತಾದೀತು. ಸಿ. ಅಶ್ವಥ್‌ರು (1939–2009) ಶರೀಫರ ಪದಗಳನ್ನು ಸುಗಮ ಸಂಗೀತಕ್ಕೆ ತಂದಾಗಲೂ, 1990ರ 'ಸಂತ ಶಿಶುನಾಳ ಶರೀಫ' ಚಲನಚಿತ್ರದ ಮೂಲಕ ಅವು ಇನ್ನಷ್ಟು ಹಬ್ಬಿದಾಗಲೂ, ಭಜನೆಯ ಬಿಡುವು ಸ್ವಲ್ಪ ಕಡಿಮೆಯಾಯಿತು. ಆದರೂ ಅಶ್ವಥ್‌ರ ಗಾಯನದಲ್ಲಿ ಶಬ್ದ ಮುಂದೆ, ವಾದ್ಯ ಹಿಂದೆ. ರಾಕ್‌ನಲ್ಲಿ ಶಬ್ದವೂ ವಾದ್ಯವೂ ಸರಿಸಮನಾಗಿ ನಿಲ್ಲುತ್ತವೆ. ಹಾಡಿನ ಶಿಖರ ಅಂಕಿತದ ನುಡಿಯಲ್ಲಿರದೆ ಪಲ್ಲವಿಯ ಮೊಳಗಿನಲ್ಲಿರುತ್ತದೆ. ಇದು ಗಾಯಕನೊಬ್ಬನ ದೋಷವಲ್ಲ, ಪ್ರಕಾರದ ಸ್ವಭಾವ. ಮೈಸೂರಿನಲ್ಲಿ ಬೆಳೆದ ಗಾಯಕನೊಬ್ಬ 'ಮಾಳಿಗೆ'ಯನ್ನು 'ಮಾಳಿಗಿ' ಎಂದೇ ಉಚ್ಚರಿಸಿದ್ದಾನೆ. ಉತ್ತರದ ನುಡಿಯನ್ನು ತಿದ್ದಿ ನಯಗೊಳಿಸಿಲ್ಲ, ಪರದೇಶದ ಸಭಿಕರಿಗಾಗಿ ಭಾಷಾಂತರಿಸಿಲ್ಲ. ಬೆಂಗಳೂರಿನ ರಾಕ್ ಬಹುಕಾಲ ಇಂಗ್ಲಿಷಿನಲ್ಲಿಯೇ ಹಾಡುತ್ತಿತ್ತೆಂಬುದನ್ನು ನೆನೆದರೆ ಈ ನಿಷ್ಠೆ ಸಾಮಾನ್ಯವಾದುದಲ್ಲ.

ಮತ್ತೊಂದು ಮಾತನ್ನು ಮರೆಯುವಂತಿಲ್ಲ. ಮಣ್ಣಿನ ಮಾಳಿಗೆ ನಗರದಲ್ಲಿ ಮಾತ್ರ ಇಲ್ಲವಾದದ್ದಲ್ಲ. ನವಲಿಯಂತಹ ಊರುಗಳಲ್ಲಿಯೂ ಅದು ಕಾಂಕ್ರೀಟಿಗೆ ಎಡೆ ಬಿಟ್ಟುಕೊಡುತ್ತಿದೆ. ಆ ಊರಿನ ಮಗುವಿಗೂ ನಾಳೆ ಪದದ ಮೊದಲ ಮೆಟ್ಟಿಲು ಸಿಕ್ಕದೆ ಹೋಗಬಹುದು. ಆಗ ಭಜನೆಯ ಹಾಡಿಗೂ ರಾಕ್‌ನ ಹಾಡಿಗೂ ಒದಗುವ ಕಷ್ಟ ಒಂದೇ. ವಸ್ತು ಅಳಿದ ಮೇಲೆ ರೂಪಕ ಎಷ್ಟು ಕಾಲ ಬದುಕುತ್ತದೆ ಎಂಬ ಪ್ರಶ್ನೆಯನ್ನು ದೀಕ್ಷಿತರ ಧ್ವನಿಮುದ್ರಣ ನಮ್ಮ ಮುಂದೆ ಸ್ವಲ್ಪ ಮುಂಚಿತವಾಗಿಯೇ ತಂದು ನಿಲ್ಲಿಸಿದೆ.

ಆದಕಾರಣ ನಮ್ಮ ನಿರ್ಣಯವಿಷ್ಟು. ರಘು ದೀಕ್ಷಿತರು ಶರೀಫರನ್ನು ಕೆಡಿಸಿದರೆಂಬ ಮಾತೂ ಶರೀಫರನ್ನು ಉಳಿಸಿದರೆಂಬ ಮಾತೂ ಅತಿಶಯೋಕ್ತಿ. ಅವರು ಪದದ ಪಲ್ಲವಿಯನ್ನು ಲಕ್ಷಾಂತರ ಕಿವಿಗಳಿಗೆ ತಲಪಿಸಿದರು. ನುಡಿಗಳ ಒಳಕ್ಕೆ ಕರೆದೊಯ್ಯುವ ಕೆಲಸ ಉಳಿದಿದೆ. ಅದು ಗಾಯಕನಿಗಿಂತ ಅಧ್ಯಾಪಕನಿಗೆ ಸೇರಿದ ಕೆಲಸ. ತರಗತಿಯಲ್ಲಿ ಒಂದೇ ಪದದ ಭಜನೆ, ಸುಗಮ ಸಂಗೀತ, ರಾಕ್ ಈ ಮೂರು ರೂಪಗಳನ್ನೂ ಕೇಳಿಸಿ, ಯಾವ ನುಡಿ ಎಲ್ಲಿ ಮುಂದಾಯಿತು, ಎಲ್ಲಿ ಹಿಂದಾಯಿತು ಎಂದು ವಿದ್ಯಾರ್ಥಿಗಳಿಂದ ಗುರುತಿಸಬಹುದು. ಕನಕಗಿರಿ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ವಿದ್ಯಾರ್ಥಿಗಳು ತಮ್ಮ ಊರಿನ ಭಜನಾಮೇಳದ ಪಾಠಗಳನ್ನು ಬರೆದುಕೊಳ್ಳುವಾಗ ಮಾಳಿಗೆ, ಜಂತೆ, ಸಂಚಿ, ಚಿಲುಮೆ ಮುಂತಾದ ಶಬ್ದಗಳ ಬಳಕೆಯನ್ನು ಹಿರಿಯರಿಂದ ಕೇಳಿ ಜೊತೆಯಲ್ಲಿಯೇ ದಾಖಲಿಸಿದರೆ, ಮುಂದೆ ಯಾವ ವಾದ್ಯದೊಡನೆ ಹಾಡಿದರೂ ಪದ ತನ್ನ ಅರ್ಥವನ್ನು ಹೇಳಬಲ್ಲದು.