ಮಾತು ಮತ್ತು ಚಿತ್ರಕಥೆ: ಜಿ. ವಿ. ಅಯ್ಯರ್ ಅವರ ಬರೆವಣಿಗೆಯ ವಿಮರ್ಶೆ

ದೃಶ್ಯಕಾವ್ಯವೆಂದೊಡನೆ ಪಂಡಿತಮಂಡಲಿಯ ಮನಸ್ಸು ಭರತನ ಕಡೆಗೂ ಕಾಳಿದಾಸನ ಕಡೆಗೂ ಹರಿಯುವುದು ಸಹಜವೇ. ಚಲನಚಿತ್ರವನ್ನು ಆ ಪಂಕ್ತಿಯಲ್ಲಿ ಕುಳ್ಳಿರಿಸಲು ನಮ್ಮಲ್ಲಿ ಅನೇಕರು ಒಡಂಬಡರು. ಕಲಬುರಗಿಯ ಗಾಜಿಪುರದ ನಮ್ಮ ಮನೆಗೆ ಅಲಂಕಾರಶಾಸ್ತ್ರದ ಪಾಠಕ್ಕೆಂದು ಬರುವ ವಿದ್ಯಾರ್ಥಿಯೊಬ್ಬನು, ಚಿತ್ರಕಥೆಯನ್ನು ಬರೆದವನು ಕವಿಯೆನಿಸುವನೋ ಅಥವಾ ಯಂತ್ರಕ್ಕೆ ಟಿಪ್ಪಣಿ ಒದಗಿಸಿದವನು ಮಾತ್ರವೋ ಎಂದು ಕೇಳಿದನು. ಈ ಪ್ರಶ್ನೆಗೆ ಉತ್ತರವನ್ನು ಜಿ. ವಿ. ಅಯ್ಯರ್ ಅವರ ಬರೆವಣಿಗೆಯ ಬಾಳಿನಲ್ಲಿಯೇ ಹುಡುಕಬಹುದೆಂದು ನಮಗೆ ತೋರುವುದು.

1917ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಅಯ್ಯರ್ ಅವರು ಬಾಲ್ಯದಲ್ಲಿಯೇ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. ಆ ರಂಗಭೂಮಿಯಲ್ಲಿ ಮಾತೇ ಪ್ರಧಾನ. ಹಿಂದಿನ ಸಾಲಿನಲ್ಲಿ ಕುಳಿತವನಿಗೆ ನಟನ ಕಣ್ಣಿನ ಚಲನೆ ಕಾಣದು, ಕಂಠವೊಂದೇ ಕೇಳುವುದು. ಆದುದರಿಂದ ವೀರವಾಗಲಿ ಕರುಣವಾಗಲಿ ಅಲ್ಲಿ ವಾಚಿಕಾಭಿನಯವನ್ನೇ ಆಶ್ರಯಿಸಿ ನಿಲ್ಲುವುದು. 1960ರ ‘ರಣಧೀರ ಕಂಠೀರವ’ಕ್ಕೆ ಅಯ್ಯರ್ ಅವರು ಬರೆದ ಸಂಭಾಷಣೆಯೂ ಹಾಡುಗಳೂ ಈ ಪರಂಪರೆಗೆ ಸೇರಿದವು. ಅಲ್ಲಿಯ ರಾಜನ ಪೌರುಷವು ಕತ್ತಿಯಲ್ಲಿರುವಷ್ಟೇ ಮಾತಿನಲ್ಲಿಯೂ ಇರುವುದು. ಇದನ್ನು ದೋಷವೆಂದು ನಾವು ಹೇಳುವುದಿಲ್ಲ. ಭರತನೂ ವಾಚಿಕಕ್ಕೆ ಹಿರಿಯ ಸ್ಥಾನವನ್ನೇ ಕೊಟ್ಟಿರುವನು. ಆದರೆ ಇದು ರಂಗಭೂಮಿಯಿಂದ ತಂದ ಗುಣವೇ ಹೊರತು ಚಲನಚಿತ್ರದ ಸ್ವಂತ ಗುಣವಲ್ಲ.

1975ರ ‘ಹಂಸಗೀತೆ’ಯಲ್ಲಿ ಅವರ ದಾರಿ ಬೇರೆಯಾಯಿತು. ತ. ರಾ. ಸುಬ್ಬರಾಯರ ಕಾದಂಬರಿಯನ್ನು ಆಧರಿಸಿದ ಈ ಚಿತ್ರದ ನಾಯಕನು ಸಂಗೀತಗಾರನಾದ ಭೈರವಿ ವೆಂಕಟಸುಬ್ಬಯ್ಯ. ನಾದವೇ ಬದುಕಾದವನ ಒಳಗನ್ನು ಸಂಭಾಷಣೆಯಿಂದ ಬಿಚ್ಚಿ ತೋರಿಸುವುದು ಅಸಾಧ್ಯವೆಂದು ಲೇಖಕರು ಬಲ್ಲರು. ಬಾಲಮುರಳೀಕೃಷ್ಣರ ಕಂಠಕ್ಕೆ ಎಡೆಮಾಡಿಕೊಟ್ಟು ಮಾತು ತಾನಾಗಿ ಹಿಂದೆ ಸರಿಯಿತು. ಬರೆಯಬಲ್ಲವನು ಬರೆಯದೆ ಬಿಡುವುದೂ ಒಂದು ರಚನೆಯೇ ಅಲ್ಲವೆ?

ಈ ವಿಚಾರವು ಸಂಪೂರ್ಣವಾಗಿ ಸ್ಪಷ್ಟವಾಗುವುದು 1983ರ ‘ಆದಿ ಶಂಕರಾಚಾರ್ಯ’ದಲ್ಲಿ. ಸಂಸ್ಕೃತಭಾಷೆಯಲ್ಲಿ ನಿರ್ಮಿತವಾದ ಪ್ರಥಮ ಕಥಾಚಿತ್ರವಿದು. ಇದಕ್ಕೆ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ, ಅಯ್ಯರ್ ಅವರಿಗೆ ಶ್ರೇಷ್ಠ ಚಿತ್ರಕಥೆಯ ಪ್ರಶಸ್ತಿಯೂ ದೊರೆತವು. ಆದರೆ ಇದರ ಸಂಸ್ಕೃತ ಸಂಭಾಷಣೆಯನ್ನು ರಚಿಸಿದವರು ವಿದ್ವಾನ್ ಬನ್ನಂಜೆ ಗೋವಿಂದಾಚಾರ್ಯರು. ಮಾತಿನಿಂದಲೇ ಹೆಸರಾಗಿದ್ದ ಲೇಖಕರಿಗೆ ಲೇಖನಕ್ಕಾಗಿ ಸಂದ ಪರಮಗೌರವವು, ಮಾತನ್ನು ಇನ್ನೊಬ್ಬರು ಬರೆದ ಕೃತಿಯಿಂದ ಬಂದಿತು! ಇದರಿಂದ ಸಿದ್ಧವಾಗುವುದೇನೆಂದರೆ, ಚಿತ್ರಕಥೆಯೆಂಬುದು ಸಂಭಾಷಣೆಯಲ್ಲ. ಯಾವುದು ಮೊದಲು ಕಾಣಬೇಕು, ಯಾವುದು ಕಾಣದೆ ಉಳಿಯಬೇಕು, ಯಾವ ಕ್ಷಣದಲ್ಲಿ ಮೌನವಿರಬೇಕು ಎಂಬ ಯೋಜನೆಯೇ ಅದರ ಶರೀರ.

ದೃಷ್ಟಾಂತಕ್ಕೆ, ಬಾಲಕ ಶಂಕರನ ಜೊತೆಗೆ ಮೃತ್ಯುವೂ ಪ್ರಜ್ಞೆಯೂ ಗೆಳೆಯರ ರೂಪದಿಂದ ನಡೆಯುವ ಕಲ್ಪನೆಯನ್ನು ನೋಡಬಹುದು. ಕೃಷ್ಣಮಿಶ್ರನ ‘ಪ್ರಬೋಧಚಂದ್ರೋದಯ’ವನ್ನು ಓದಿದವರಿಗೆ ಭಾವಗಳು ಪಾತ್ರಗಳಾಗುವುದು ಹೊಸದಲ್ಲ. ಅಲ್ಲಿ ವಿವೇಕ ಮೋಹಾದಿಗಳು ತಮ್ಮ ಸ್ವರೂಪವನ್ನು ತಾವೇ ಮಾತಿನಿಂದ ತಿಳಿಸುವುವು. ಇಲ್ಲಿಯ ಮೃತ್ಯುವಾದರೋ ಸುಮ್ಮನೆ ಜೊತೆಯಲ್ಲಿ ಬರುವುದು. ತಂದೆಯನ್ನು ಕಳೆದುಕೊಂಡ ಹುಡುಗನಿಗೆ ಸಾವು ಶತ್ರುವಲ್ಲ, ಒಡನಾಡಿ ಎಂಬ ಅರ್ಥವು ಯಾರೂ ಹೇಳದೆಯೇ ಸ್ಫುರಿಸುವುದು. ಆನಂದವರ್ಧನನು ಧ್ವನಿಯೆಂದು ಕರೆದುದು ಇದಕ್ಕಿಂತ ಬಹುದೂರದ್ದಲ್ಲ.

ಗುಣವನ್ನು ಹೇಳಿ ದೋಷವನ್ನು ಮುಚ್ಚುವುದು ವಿಮರ್ಶಕನ ಧರ್ಮವಲ್ಲ. 1993ರ ‘ಭಗವದ್ಗೀತೆ’ಯೂ ಸಂಸ್ಕೃತದ್ದೇ, ಅದಕ್ಕೂ ಶ್ರೇಷ್ಠ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಆದರೆ ಏಳು ನೂರು ಶ್ಲೋಕಗಳ ಗೀತೆಯು ಸ್ವಭಾವತಃ ಸಂವಾದ. ಶಂಕರರಿಗೆ ಚರಿತೆಯುಂಟು, ಪ್ರಯಾಣವುಂಟು. ಗೀತೆಯಲ್ಲಿ ರಥವು ನಿಂತಿದೆ, ವಿಚಾರ ಮಾತ್ರ ನಡೆಯುತ್ತಿದೆ. ಅಂಥ ವಿಚಾರಕ್ಕೆ ಪ್ರತೀಕಗಳನ್ನು ಜೋಡಿಸಹೊರಟರೆ, ಪ್ರತಿಯೊಂದು ಪ್ರತೀಕಕ್ಕೂ ಮತ್ತೊಂದು ಟೀಕೆ ಬೇಕಾಗುವುದು, ವ್ಯಂಗ್ಯವು ಒಗಟಾಗುವುದು. ಇನ್ನೊಂದು ಮಾತು. ತೆರೆಯ ಮೇಲೆ ಸಂಸ್ಕೃತವು ಕೇಳಿಬಂದಾಗ ನಮ್ಮಂಥವರ ಕಣ್ಣು ತುಂಬಿದುದು ನಿಜ. ಆದರೆ ಆ ಕಣ್ಣೀರು ಭಾಷಾಭಿಮಾನದ್ದೋ ರಸದ್ದೋ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಸಂಸ್ಕೃತವನ್ನರಿಯದವನಿಗೂ ಆ ಬಾಲಕನ ಒಡನಾಡಿಯು ಅರ್ಥವಾದರೆ ಅದು ಕಾವ್ಯದ ಜಯ. ಭಾಷೆ ತಿಳಿದವನಿಗೆ ಮಾತ್ರ ಅರ್ಥವಾಗುವುದಾದರೆ ಅದು ಪಾರಾಯಣ.

ನಮ್ಮ ಕಲಬುರಗಿಯ ಸೀಮೆಗೆ ಸೇರಿದ ಮಳಖೇಡವು ಟೀಕಾಚಾರ್ಯರೆಂದು ಪ್ರಸಿದ್ಧರಾದ ಜಯತೀರ್ಥರ ಹೆಸರಿನೊಡನೆ ಬೆಸೆದುಕೊಂಡಿರುವುದು. ಮೂಲದ ಮಾತು ತಮ್ಮದಲ್ಲದಿದ್ದರೂ ಅದರ ಅರ್ಥಕ್ಕೆ ಕ್ರಮವನ್ನೂ ಬೆಳಕನ್ನೂ ಕೊಟ್ಟ ಟೀಕಾಕಾರರನ್ನು ಕೇವಲ ಲಿಪಿಕಾರರೆಂದು ಇಲ್ಲಿ ಯಾರೂ ಕರೆದಿಲ್ಲ. 2003ರಲ್ಲಿ ತೀರಿಕೊಂಡ ಅಯ್ಯರ್ ಅವರ ಚಿತ್ರಕಥೆಯನ್ನೂ ಇದೇ ದೃಷ್ಟಿಯಿಂದ ನೋಡುವುದು ನ್ಯಾಯವು. ವಿದ್ಯಾರ್ಥಿಯ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಕಾಣಬೇಕಾದುದನ್ನು ಕ್ರಮವರಿತು ಕಾಣಿಸಬಲ್ಲವನು, ತನ್ನ ಮಾತನ್ನು ತಾನೇ ತಡೆಯಬಲ್ಲವನು, ಕವಿಯೇ ಸರಿ. ನಮ್ಮ ಅಲಂಕಾರಶಾಸ್ತ್ರದ ಪಾಠಗಳಲ್ಲಿ ಚಿತ್ರಕಥೆಗೂ ಒಂದು ಮಣೆ ಹಾಕಲೆಂದು ವಿದ್ವಾಂಸರಲ್ಲಿ ಬಿನ್ನವಿಸುವೆವು.