ಅಜ್ಜಿಯ ಜಡೆ ಮತ್ತು ಒಂದು ಪ್ರಶ್ನೆ

ವಿನ್ನಿಪೆಗ್‌ನಲ್ಲಿ ಸೆಪ್ಟೆಂಬರ್ ಮುಗಿಯುತ್ತಾ ಬಂತೆಂದರೆ ಮಕ್ಕಳಿಗೆ ಕಿತ್ತಳೆ ಬಣ್ಣದ ಅಂಗಿ ಹುಡುಕುವ ಕೆಲಸ. ಮೂಲನಿವಾಸಿಗಳ ಮಕ್ಕಳನ್ನು ಮನೆಯಿಂದ ಬಿಡಿಸಿ ವಸತಿ ಶಾಲೆಗಳಿಗೆ ಸೇರಿಸಿದ್ದನ್ನು ಕೆನಡಾ 30ನೇ ತಾರೀಕು ನೆನೆಯುತ್ತದೆ. ಆ ವಾರ ನನ್ನ ಮಗಳ ಎರಡನೇ ತರಗತಿಯಲ್ಲಿ ಓದಿದ್ದು ಡೇವಿಡ್ ರಾಬರ್ಟ್‌ಸನ್ ಬರೆದ, ಜೂಲಿ ಫ್ಲೆಟ್ ಚಿತ್ರಗಳಿರುವ ‘ವೆನ್ ವಿ ವರ್ ಅಲೋನ್’ (2016). ಸಹಾಯಕ್ಕೆಂದು ಹೋಗಿದ್ದ ನಾನು ಹಿಂದೆ ಕುಳಿತು ಕೇಳಿದೆ.

ಕಥೆ ಸಣ್ಣದು. ತೋಟದಲ್ಲಿ ಅಜ್ಜಿಗೆ ನೆರವಾಗುವ ಹುಡುಗಿ ಕೇಳುತ್ತಾಳೆ: ಇಷ್ಟೊಂದು ಬಣ್ಣದ ಬಟ್ಟೆ ಯಾಕೆ, ಇಷ್ಟುದ್ದ ಜಡೆ ಯಾಕೆ, ಕ್ರೀ ಭಾಷೆಯಲ್ಲಿ ಮಾತಾಡುವುದು ಯಾಕೆ? ಅಜ್ಜಿಯ ಉತ್ತರಗಳಲ್ಲಿ ದೂರದ ಶಾಲೆಯೊಂದು ಮೂಡುತ್ತದೆ. ಅಲ್ಲಿ ಎಲ್ಲರದೂ ಒಂದೇ ಥರದ ಬಟ್ಟೆ, ಕತ್ತರಿಸಿದ ಕೂದಲು, ಮನೆಮಾತು ನಿಷಿದ್ಧ. ಯಾರೂ ನೋಡದಾಗ ಮಕ್ಕಳು ಉದುರಿದ ಎಲೆಗಳಲ್ಲಿ ಬಣ್ಣ ತೊಡುತ್ತಾರೆ, ಗಿಡ್ಡ ಕೂದಲಿಗೆ ಹುಲ್ಲು ಹೆಣೆಯುತ್ತಾರೆ. ಏಟು, ಸಾವು ಯಾವುದನ್ನೂ ತೋರಿಸದೆ ಏಳು ವರ್ಷದ ಮಕ್ಕಳಿಗೆ ಇಷ್ಟನ್ನು ಮುಟ್ಟಿಸುವುದು ಸುಲಭವಲ್ಲ.

ನನ್ನ ತಕರಾರು ಒಂದೇ. ಕತ್ತರಿಸಿದವರು ಯಾರು? ಪುಸ್ತಕದಲ್ಲಿ ಅವರು ಬರೀ ‘ಅವರು’. ಒಬ್ಬ ಹುಡುಗ ಕೇಳಿಯೇಬಿಟ್ಟ, “ಟೀಚರೇ ಕತ್ತರಿಸಿದರಾ?” ಟೀಚರ್ “ಬಹಳ ಹಿಂದಿನ ಮಾತು” ಎಂದು ಪುಟ ತಿರುಗಿಸಿದರು. ಬಹಳ ಹಿಂದಿನದೇನಲ್ಲ. ಸರ್ಕಾರದ ಹಣದಲ್ಲಿ, ಹೆಚ್ಚಾಗಿ ಚರ್ಚುಗಳು ನಡೆಸಿದ ಈ ಶಾಲೆಗಳು 1990ರ ದಶಕದವರೆಗೂ ಇದ್ದವು. ಸುಮಾರು 1,50,000 ಮಕ್ಕಳು ಅಲ್ಲಿಗೆ ಹೋದರು. ಫಿಲ್ಲಿಸ್ ವೆಬ್‌ಸ್ಟಾಡ್ ಅವರಿಗೆ ಅಜ್ಜಿ ಕೊಡಿಸಿದ್ದ ಹೊಸ ಕಿತ್ತಳೆ ಅಂಗಿಯನ್ನು ಶಾಲೆಯ ಮೊದಲ ದಿನವೇ ಕಿತ್ತುಕೊಂಡದ್ದು 1973ರಲ್ಲಿ. ಈ ದಿನದ ಅಂಗಿ ಬಂದದ್ದು ಅಲ್ಲಿಂದ.

ಓದು ಮುಗಿದ ಮೇಲೆ ಅಂಗಿಯ ಚಿತ್ರವಿದ್ದ ಹಾಳೆಗಳು ಬಂದವು. ಎಲ್ಲರೂ ಕಿತ್ತಳೆ ಬಣ್ಣವನ್ನೇ ತುಂಬಬೇಕು! ಒಂದೇ ಬಣ್ಣದ ವಿರುದ್ಧ ಎಲೆಗಳನ್ನು ಹೊದ್ದ ಮಕ್ಕಳ ಕಥೆ ಕೇಳಿದ ಹತ್ತೇ ನಿಮಿಷಕ್ಕೆ.

ಪಾಠ ನಡೆದದ್ದು ಬೇರೆಡೆ. ಅಜ್ಜಿಯನ್ನು ಕರೆಯುವ ‘ನೋಕುಮ್’ ಪದದಲ್ಲಿ ಟೀಚರ್ ತಡವರಿಸಿದಾಗ, ಮೂಲೆಯಲ್ಲಿದ್ದ ಕ್ರೀ ಹುಡುಗಿ ಸರಿಯಾಗಿ ಹೇಳಿದಳು. ಟೀಚರ್ ಅವಳ ಕಡೆ ತಿರುಗಿ ಮೂರು ಸಲ ಹೇಳಿಸಿಕೊಂಡು ಕಲಿತರು. ಅಷ್ಟು ಹೊತ್ತು ತಲೆ ತಗ್ಗಿಸಿದ್ದವಳು ಬೆನ್ನು ನೆಟ್ಟಗೆ ಮಾಡಿ ಕುಳಿತಳು.

ಮನೆಗೆ ಬರುವಾಗ ಮಗಳಿಗೆ, “ನಮ್ಮ ಶಾಲೆಯಲ್ಲೂ ಹೀಗೇ ಕಣೇ, ಕನ್ನಡ ಮಾತಾಡಿದರೆ ಎಂಟಾಣೆ ದಂಡ” ಅಂದೆ. ಅಂದ ಮೇಲೆ ನಾಚಿಕೆಯಾಯಿತು. ನನ್ನನ್ನು ಆ ಶಾಲೆಗೆ ಸೇರಿಸಲು ಅಪ್ಪನೇ ಸಾಲಿನಲ್ಲಿ ನಿಂತಿದ್ದರು. ಸಂಜೆ ಮನೆಗೆ ಬಂದು ಅಜ್ಜಿಯೊಡನೆ ಕನ್ನಡದಲ್ಲೇ ಜಗಳವಾಡುತ್ತಿದ್ದೆ, ಜಡೆಯನ್ನೂ ಅವಳೇ ಹಾಕುತ್ತಿದ್ದಳು. ಎಂಟಾಣೆಯ ಅವಮಾನ ನಿಜ. ಆದರೆ ಅದನ್ನು ಇದರ ಪಕ್ಕದಲ್ಲಿಟ್ಟು ತೂಗುವುದು, ಅದೂ ಅವರ ನೆಲದಲ್ಲಿ ಮನೆ ಕಟ್ಟಿಕೊಂಡು, ಸರಿಯಲ್ಲ.

ಆ ಹುಡುಗನ ಪ್ರಶ್ನೆಗೆ ಉತ್ತರ ಕೊಡಿ ಎಂದು ಟೀಚರಿಗೆ ಬರೆದೆ. “ಏಳು ವರ್ಷದವನಿಗೆ ಹೇಗೆ ಹೇಳಲಿ, ನೀವಾದರೆ ಏನು ಹೇಳುತ್ತಿದ್ದಿರಿ?” ಎಂದು ಮರುಪತ್ರ ಬಂತು. ವಾರವಾಯಿತು, ಇನ್ನೂ ಬರೆದು ಹೊಡೆದು ಹಾಕುತ್ತಿದ್ದೇನೆ.